ನಾಪೋಕ್ಲಿನ ಮಳೆಯಲ್ಲಿ ಸ್ಕ್ವಿಡ್ ಕೂರಿಸಿದ್ದು: ನನ್ನ ಅನುಭವ

ಕಳೆದ ಮಳೆಗಾಲದಲ್ಲಿ ಕೊಡಗಿನ ನಾಪೋಕ್ಲಿನಲ್ಲಿರುವ ನಮ್ಮ ಕಂಪ್ಯೂಟರ್ ತರಬೇತಿ ಕೇಂದ್ರದ ಹೆಚ್ಚುವರಿ ಡೇಟಾ ಖರ್ಚು ತಿಂಗಳಿಗೆ ಐನೂರು ರೂಪಾಯಿಯ ಆಸುಪಾಸಿಗೆ ಇಳಿಯಿತು. ಅದರ ಹಿಂದಿನ ವರ್ಷ ಎರಡು ಸಾವಿರ ದಾಟುತ್ತಿತ್ತು. ಇಳಿಸಿದ್ದು ಸ್ಕ್ವಿಡ್: ಯಂತ್ರಗಳಿಗೂ ಇಂಟರ್ನೆಟ್‌ಗೂ ನಡುವೆ ಪ್ರಾಕ್ಸಿಯಾಗಿ ನಿಂತು, ಒಮ್ಮೆ ಇಳಿದ ಕಡತವನ್ನು ಕ್ಯಾಶ್ (cache) ಎಂಬ ದಾಸ್ತಾನಿನಲ್ಲಿ ಇಟ್ಟುಕೊಂಡು, ಮತ್ತೆ ಕೇಳಿದವರಿಗೆ ಅಲ್ಲಿಂದಲೇ ಕೊಡುವ ತಂತ್ರಾಂಶ. ಇದನ್ನು ಬರೆಯಲು ಮುಖ್ಯ ಕಾರಣ ಮೈಸೂರಿನಲ್ಲಿ ನೆಟ್‌ವರ್ಕ್ ಕೆಲಸದಲ್ಲಿರುವ ನನ್ನ ಗೆಳೆಯ. 'ಎಲ್ಲವೂ ಎಚ್‌ಟಿಟಿಪಿಎಸ್ ಆಗಿರುವ ಕಾಲದಲ್ಲಿ ಸ್ಕ್ವಿಡ್ ಹಾಕಿ ಏನನ್ನು ಕ್ಯಾಶ್ ಮಾಡುತ್ತೀಯೋ, ಮಣ್ಣು?' ಎಂದು ನಕ್ಕಿದ್ದ. ಎಚ್‌ಟಿಟಿಪಿಎಸ್‌ನಲ್ಲಿ ಎಲ್ಲವೂ ಗೂಢಲಿಪಿಯಲ್ಲಿ ಹೋಗುವುದರಿಂದ ನಡುವೆ ನಿಂತ ಸ್ಕ್ವಿಡ್‌ಗೆ ಅದನ್ನು ಓದಿ ಇಟ್ಟುಕೊಳ್ಳಲು ಆಗುವುದಿಲ್ಲ. ಕೇಂದ್ರದ ಯಜಮಾನರಿಗೆ ಬೇರೆಯದೇ ಗೊಂದಲ. 'ಅಣ್ಣ, ಈ ಪೆಟ್ಟಿಗೆಯಲ್ಲಿ ಕ್ಯಾಶ್ ಇರುತ್ತದೆ, ಯಾರೂ ಮುಟ್ಟದ ಹಾಗೆ ನೋಡಿಕೊಳ್ಳಿ' ಎಂದು ನಾನು ಹೇಳಿದ್ದಕ್ಕೆ ಅವರು ದುಡ್ಡೆಂದುಕೊಂಡು ಆ ಕೋಣೆಗೆ ಬೀಗ ಹಾಕಿಸಿದರು. ಅದೂ ಒಳ್ಳೆಯದೇ ಆಯಿತು.

ನಮ್ಮಲ್ಲಿರುವುದು ಹನ್ನೆರಡು ವಿಂಡೋಸ್ ಯಂತ್ರಗಳು, ಮೂರು ಉಬುಂಟು, ಮತ್ತು ಹಿಂದುಗಡೆಯ ಹೋಮ್‌ಸ್ಟೇಯಲ್ಲಿ ಯಜಮಾನರ ಮಗಳ ಮ್ಯಾಕ್. ಫೈಬರ್ ಇದೆ. ಆದರೆ ಜೂನ್‌ನಲ್ಲಿ ಸಿಲ್ವರ್ ಓಕ್ ಕೊಂಬೆಯೊಂದು ತಂತಿಯ ಮೇಲೆ ಬಿದ್ದರೆ ಮುಗಿಯಿತು. ಬೊಳಿಬಾಣೆಯಲ್ಲಿ ರಸ್ತೆಗೆ ಹೊಳೆ ನೀರು ಬಂದರೆ ದುರಸ್ತಿಯವರು ಮೂರ್ನಾಡಿನಿಂದ ಈಚೆಗೆ ಬರುವುದೇ ಇಲ್ಲ. ಆಗ 4ಜಿ ರೂಟರ್ ಒಂದೇ ಗತಿ, ಅದಕ್ಕೆ ದಿನದ ಮಿತಿ. ಮಕ್ಕಳು ಪಾಠಕ್ಕೆ ಕುಳಿತರೆ ಹನ್ನೆರಡು ಯಂತ್ರಗಳೂ ಒಂದೇ ವಿಂಡೋಸ್ ಅಪ್‌ಡೇಟನ್ನು ಹನ್ನೆರಡು ಸಲ ಇಳಿಸಿಕೊಂಡು, ಬೆಳಿಗ್ಗೆ ಹನ್ನೊಂದಕ್ಕೆಲ್ಲ ದಿನದ ಡೇಟಾ ಖಾಲಿ.

ಮೊದಲ ಪ್ರಯತ್ನ ಸೋಮಾರಿಯದು. ಲೆಕ್ಕಪತ್ರದ ಮೇಜಿನ ವಿಂಡೋಸ್ ಯಂತ್ರದಲ್ಲಿಯೇ ಸ್ಕ್ವಿಡ್‌ನ ವಿಂಡೋಸ್ ರೂಪವನ್ನು ಹಾಕಿದೆ. ಹಾಕುವುದೇನೋ ಹತ್ತು ನಿಮಿಷದ ಕೆಲಸ. ಫೈರ್‌ವಾಲ್‌ನಲ್ಲಿ 3128ನೆಯ ಪೋರ್ಟ್ ತೆರೆಯಬೇಕೆಂದು ಹೊಳೆಯಲು ಅರ್ಧ ದಿನ ಹೋಯಿತು. ಎಲ್ಲ ಸರಿಯಾಯಿತು ಎನ್ನುವಾಗ ಲೆಕ್ಕ ಬರೆಯುವ ಹುಡುಗಿ ಐದು ಗಂಟೆಗೆ ಯಂತ್ರ ಆರಿಸಿ ಮನೆಗೆ ಹೋದಳು. ಸಂಜೆಯ ತರಗತಿಗೆ ನೆಟ್ ಇಲ್ಲ. ತಪ್ಪು ಅವಳದಲ್ಲ, ಮೇಜಿನ ಯಂತ್ರವನ್ನು ಸರ್ವರ್ ಮಾಡಿದವನದು.

ಎರಡನೆಯದು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್. ಚಿಕ್ಕದು, ಕರೆಂಟ್ ಕಡಿಮೆ ತಿನ್ನುತ್ತದೆ ಎಂದು ಹಿಗ್ಗಿದ್ದೆ. ಕ್ಯಾಶನ್ನು ಮೆಮೊರಿ ಕಾರ್ಡಿನ ಮೇಲೆಯೇ ಇಟ್ಟಿದ್ದೆ. ಕಕ್ಕಡ (ಕೊಡಗಿನ ಆಟಿ) ತಿಂಗಳ ಗಾಳಿಮಳೆಗೆ ದಿನಕ್ಕೆ ಐದಾರು ಸಲ ಕರೆಂಟ್ ಹೋಗಿ ಬರುತ್ತಿದ್ದಾಗ ಮೂರು ವಾರಕ್ಕೆ ಕಾರ್ಡು ಸತ್ತಿತು. ಇನ್ನೊಂದು ತಂದೆ, ಅದೂ ಸತ್ತಿತು. ಎಲ್ಲ ಸೇರಿ ಐದು ಸಾವಿರಕ್ಕೆ ಹತ್ತಿರ ನೀರಿನಲ್ಲಿ ಹೋಯಿತು.

ಕೊನೆಗೆ ಮಡಿಕೇರಿಯಲ್ಲಿ ಒಬ್ಬರು ಮೂಲೆಗೆ ಹಾಕಿದ್ದ ಹಳೆಯ ಡೆಸ್ಕ್‌ಟಾಪನ್ನು ಮೂರೂವರೆ ಸಾವಿರಕ್ಕೆ ತಂದೆ. 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್. ಡೆಬಿಯನ್ ಲಿನಕ್ಸ್ ಹಾಕಿ, ಯುಪಿಎಸ್‌ಗೆ ಜೋಡಿಸಿ, ಮರದ ಕಪಾಟಿನಲ್ಲಿ ಕೂರಿಸಿದೆ. ಕೆಳಗಿನ ತಟ್ಟಿನಲ್ಲಿ ಒಂದು 40 ವ್ಯಾಟ್ ಬಲ್ಬು. ನಮ್ಮ ಕಡೆಯವರಿಗೆ ಬಲ್ಬು ಏಕೆಂದು ಹೇಳಬೇಕಾಗಿಲ್ಲ. ಬೀರುವಿನಲ್ಲಿರುವ ರೇಷ್ಮೆ ಸೀರೆಗೆ ಹಿಡಿಯುವ ಬೂಷ್ಟು ಮದರ್‌ಬೋರ್ಡನ್ನೂ ಬಿಡುವುದಿಲ್ಲ. ಬಲ್ಬಿನ ಬಿಸಿ ಹೊರಗೆ ಹೋಗಲು ಕಪಾಟಿನ ಹಿಂಬದಿಗೆ ಎರಡು ತೂತು ಕೊರೆದೆ. ಒಂದರಲ್ಲಿ ಹಲ್ಲಿ ನುಗ್ಗಿತು, ಜಾಲರಿ ಹೊಡೆದೆ.

ಸ್ಕ್ವಿಡ್ ಎದ್ದಿತು, ಯಂತ್ರಗಳೆಲ್ಲ ಅದರ ಮೂಲಕವೇ ಹೋಗುತ್ತಿದ್ದವು, ಆದರೆ ಒಂದು ತಿಂಗಳು ಒಂದು ರೂಪಾಯಿಯೂ ಉಳಿಯಲಿಲ್ಲ. ಗೆಳೆಯ ಫೋನಿನಲ್ಲಿ ಮತ್ತೆ ನಕ್ಕ. ಸ್ಕ್ವಿಡ್‌ನ ದಾಖಲೆಯಾದ ಲಾಗ್ ತೆರೆದರೆ ಸಾಲುಗಟ್ಟಲೆ 'ಟಿಸಿಪಿ ಮಿಸ್', ಅಂದರೆ ಕೇಳಿದ್ದು ಕ್ಯಾಶ್‌ನಲ್ಲಿ ಇಲ್ಲ. ಕಾರಣಗಳು ಎರಡು. ಡೆಬಿಯನ್ ಕೊಡುವ ಸಂರಚನೆಯಲ್ಲಿ ಡಿಸ್ಕ್ ಕ್ಯಾಶ್‌ನ ಸಾಲಿನ ಮುಂದೆ ಹ್ಯಾಶ್ ಗುರುತು ಇರುತ್ತದೆ, ಅಂದರೆ ಆ ಸಾಲು ಕೆಲಸ ಮಾಡುವುದಿಲ್ಲ, ಸ್ಕ್ವಿಡ್ ಎಲ್ಲವನ್ನೂ ರ‍್ಯಾಮ್‌ನಲ್ಲಿ ಮಾತ್ರ ಇಟ್ಟುಕೊಳ್ಳುತ್ತದೆ. ಎರಡನೆಯದು, ಇಟ್ಟುಕೊಳ್ಳುವ ಕಡತದ ಗರಿಷ್ಠ ಗಾತ್ರ ಮೂಲದಲ್ಲಿ 4 ಎಂಬಿ. ನೂರಾರು ಎಂಬಿಯ ಅಪ್‌ಡೇಟನ್ನು ಅದು ಹೇಗೆ ಇಟ್ಟುಕೊಂಡೀತು? ಗಾತ್ರವನ್ನು 6 ಜಿಬಿಗೆ ಏರಿಸಿದೆ. ಆ ಸಾಲನ್ನು ಡಿಸ್ಕ್ ಕ್ಯಾಶ್‌ನ ಸಾಲಿಗಿಂತ ಮೇಲೆ ಬರೆಯಿರಿ, ಕೆಳಗೆ ಬರೆದು ಇನ್ನೆರಡು ದಿನ ಕಳೆದುಕೊಂಡವನು ನಾನು. ಡಿಸ್ಕ್‌ಗೆ 100 ಜಿಬಿ ಕೊಟ್ಟೆ. ಒಂದು ಜಿಬಿ ಡಿಸ್ಕ್ ಕ್ಯಾಶ್‌ಗೆ ಹೆಚ್ಚುಕಡಿಮೆ 14 ಎಂಬಿ ರ‍್ಯಾಮ್ ಬೇಕಾಗುತ್ತದೆ, ಆದ್ದರಿಂದ 500 ಜಿಬಿ ಇದೆಯೆಂದು ಪೂರ್ತಿ ಕೊಟ್ಟರೆ 4 ಜಿಬಿಯ ಯಂತ್ರ ಮಲಗಿಬಿಡುತ್ತದೆ.

ವಿಂಡೋಸ್ ಅಪ್‌ಡೇಟ್ ಕಡತವನ್ನು ತುಂಡುತುಂಡಾಗಿ ಕೇಳುತ್ತದೆ. ಸ್ಕ್ವಿಡ್ ತುಂಡುಗಳನ್ನು ಇಟ್ಟುಕೊಳ್ಳುವುದಿಲ್ಲ. ಅದಕ್ಕೆ ರೇಂಜ್ ಆಫ್‌ಸೆಟ್ ಮಿತಿಯನ್ನು ತೆಗೆದು, ಕೇಳಿದವರು ನಡುವೆ ಬಿಟ್ಟರೂ ಇಳಿಸುವುದು ನಿಲ್ಲದಂತೆ ಕ್ವಿಕ್ ಅಬಾರ್ಟನ್ನು ಮೈನಸ್ ಒಂದು ಮಾಡಬೇಕು. ಆಗ ಒಂದು ತುಂಡು ಕೇಳಿದರೂ ಇಡೀ ಕಡತ ಬರುತ್ತದೆ. ನಾನು ಮಿತಿಯನ್ನು ಎಲ್ಲ ವಿಳಾಸಗಳಿಗೂ ತೆಗೆದೆ. ಮರುದಿನ ಒಬ್ಬ ಹುಡುಗ ಉಬುಂಟುವಿನ ಐಎಸ್‌ಒ (ಇಡೀ ವ್ಯವಸ್ಥೆಯ ಕಡತ) ಇಳಿಸಲು ಶುರುಮಾಡಿ, ನನ್ನನ್ನು ನೋಡಿ ಹೆದರಿ ಎರಡು ನಿಮಿಷಕ್ಕೆ ರದ್ದುಮಾಡಿದ. ಅವನು ರದ್ದುಮಾಡಿದರೇನು, ಕ್ವಿಕ್ ಅಬಾರ್ಟ್ ಮೈನಸ್ ಒಂದು ಇದ್ದದ್ದರಿಂದ ಸ್ಕ್ವಿಡ್ ಬಿಡಲಿಲ್ಲ. ರಾತ್ರಿಯಿಡೀ 4ಜಿ ಮೇಲೆ ಎಳೆದು ಸುಮಾರು ನಾಲ್ಕೂವರೆ ಜಿಬಿಯನ್ನು ಯಾರಿಗೂ ಬೇಡದೆ ತುಂಬಿಟ್ಟಿತು. ಬೆಳಿಗ್ಗೆ ಮುನ್ನೂರು ಚಿಲ್ಲರೆ ರೂಪಾಯಿ ರೀಚಾರ್ಜ್, ನನ್ನ ಜೇಬಿನಿಂದ. ಅಪ್‌ಡೇಟಿನ ವಿಳಾಸಗಳಿಗೆ ಮಾತ್ರ ಮಿತಿ ತೆಗೆಯಿರಿ. ಕ್ವಿಕ್ ಅಬಾರ್ಟನ್ನು ನಾನು ಹಗಲಿಗೊಂದು, ರಾತ್ರಿಗೊಂದು ರೀತಿ ಮಾಡಿದ್ದೇನೆ. ಹೇಗೆ ಎಂಬುದು ನನ್ನಲ್ಲೇ ಇರಲಿ.

ಇನ್ನು ಯಂತ್ರಗಳಿಗೆ ಪ್ರಾಕ್ಸಿ ತೋರಿಸುವ ಕೆಲಸ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ವಿಳಾಸ ಬರೆದರೆ ಬ್ರೌಸರ್ ಒಪ್ಪುತ್ತದೆ, ಅಪ್‌ಡೇಟ್ ಸೇವೆ ಒಪ್ಪುವುದಿಲ್ಲ. ಅದಕ್ಕೆ ವಿನ್‌ಎಚ್‌ಟಿಟಿಪಿ ಎಂಬ ಬೇರೆಯದೇ ಪ್ರಾಕ್ಸಿ ಇದೆ. ಆಡಳಿತಗಾರರ ಹಕ್ಕಿನಲ್ಲಿ ಕಮಾಂಡ್ ಕಿಟಕಿ ತೆರೆದು ನೆಟ್‌ಶೆಲ್ (netsh) ಎಂಬ ಆಜ್ಞೆಯಿಂದ ಕೊಡಬೇಕು. ಸೆಟ್ಟಿಂಗ್ಸ್‌ನದು ಬಳಕೆದಾರನಿಗೆ, ನೆಟ್‌ಶೆಲ್‌ನದು ಯಂತ್ರಕ್ಕೆ. ಅಪ್‌ಡೇಟೊಂದೇ ಸಾಕು ಎಂದರೆ ಎರಡನೆಯದನ್ನು ಮಾತ್ರ ಮಾಡಿ, ಮಕ್ಕಳ ಬ್ರೌಸರ್ ಗೊಡವೆಗೆ ಹೋಗಬೇಡಿ. ಮೂರು ತಿಂಗಳ ನಂತರ ನಾನೂ ಹಾಗೆಯೇ ಮಾಡಿದೆ.

ಉಬುಂಟುವಿನಲ್ಲಿ ತಲೆನೋವು ಇನ್ನೊಂದು ಬಗೆ. ಡೆಸ್ಕ್‌ಟಾಪಿನ ಸೆಟ್ಟಿಂಗ್ಸ್ ಒಂದು, ಟರ್ಮಿನಲ್‌ನ ಪರಿಸರ ಚರಗಳು (environment variables) ಇನ್ನೊಂದು, ಆಡಳಿತಗಾರರ ಹಕ್ಕಿಗೆ ಸುಡೋ ಹಾಕಿದೊಡನೆ ಆ ಚರಗಳೂ ಮಾಯ. ತಂತ್ರಾಂಶ ಇಳಿಸುವ ಆಪ್ಟ್‌ಗೆ ಅದರದೇ ಸಂರಚನೆಯ ಕೋಶದಲ್ಲಿ ಒಂದು ಸಾಲಿನ ಕಡತ ಇಟ್ಟರೆ ಕೆಲಸ ಮುಗಿಯಿತು. ಅದೇ ಕೆಲಸದ ಇನ್ನೊಂದು ಸಾಧನವಾದ ಸ್ನ್ಯಾಪ್‌ಗೆ ಪ್ರತ್ಯೇಕವಾಗಿ ಹೇಳಬೇಕು, ಹೇಳಿದರೂ ಅದು ಎಚ್‌ಟಿಟಿಪಿಎಸ್ ಆದ್ದರಿಂದ ಉಳಿತಾಯ ಸೊನ್ನೆ.

ಮ್ಯಾಕ್‌ನಲ್ಲಿ ವೈಫೈಗೆ ಕೊಟ್ಟ ಪ್ರಾಕ್ಸಿ ಈಥರ್ನೆಟ್‌ಗೆ ತಗಲುವುದಿಲ್ಲ, ಎರಡು ಕಡೆ ಬರೆಯಬೇಕು. ಬರೆದೆ, ಆಮೇಲೆ ಅಳಿಸಿದೆ. ಏಕೆಂದರೆ ಮ್ಯಾಕ್‌ನಲ್ಲಿಯೇ ಆಪಲ್ ಅಪ್‌ಡೇಟುಗಳನ್ನು ಇಟ್ಟುಕೊಂಡು ಹಂಚುವ 'ಕಂಟೆಂಟ್ ಕ್ಯಾಶಿಂಗ್' ಎಂಬ ಸೌಲಭ್ಯ ಮ್ಯಾಕ್‌ನ ಹೈ ಸಿಯೆರಾ ಆವೃತ್ತಿಯಿಂದ ಇದೆ. ಅದನ್ನು ಹಚ್ಚಿ, ಮ್ಯಾಕನ್ನು ತಂತಿಯಲ್ಲಿ ಜೋಡಿಸಿಟ್ಟೆ. ಹೋಮ್‌ಸ್ಟೇಗೆ ಬೆಂಗಳೂರಿನಿಂದ ಐಫೋನ್ ಹಿಡಿದು ಬರುವ ಅತಿಥಿಗಳ ಅಪ್‌ಡೇಟುಗಳು ಅದರಿಂದಲೇ ಹೋಗತೊಡಗಿದವು. ಸ್ಕ್ವಿಡ್‌ಗೆ ಸಂಬಂಧವಿಲ್ಲದ ಈ ಪ್ರಯೋಗಕ್ಕೇ ಯಜಮಾನರಿಂದ ಹೆಚ್ಚು ಶಹಬ್ಬಾಸ್ ಸಿಕ್ಕಿತು.

ಆಂಡ್ರಾಯ್ಡ್ ಕೈಬಿಟ್ಟೆ. ವೈಫೈ ಸೆಟ್ಟಿಂಗ್ಸ್‌ನಲ್ಲಿ ಪ್ರಾಕ್ಸಿ ಕೊಡಬಹುದು, ಆದರೆ ಹಲವು ಆ್ಯಪ್‌ಗಳು ಅದಕ್ಕೆ ಬೆಲೆಯನ್ನೇ ಕೊಡುವುದಿಲ್ಲ.

ಎಚ್‌ಟಿಟಿಪಿಎಸ್ ಒಡೆದು ನೋಡುವ ಎಸ್‌ಎಸ್‌ಎಲ್ ಬಂಪನ್ನೂ ಒಂದು ಭಾನುವಾರ ಹಚ್ಚಿ ನೋಡಿದೆ, ಸ್ವಂತ ಪ್ರಮಾಣಪತ್ರ ಮಾಡಿಕೊಂಡು. ಕೆಲವು ಆ್ಯಪ್‌ಗಳು ನಿಂತವು. ಲಾಗ್‌ನಲ್ಲಿ ನನ್ನದೇ ಬ್ಯಾಂಕಿನ ಪುಟಗಳ ಪೂರ್ತಿ ವಿಳಾಸ ಬಿಡಿಬಿಡಿಯಾಗಿ ಕಂಡಾಗ ಸಂಜೆಯೇ ಕಿತ್ತು ಹಾಕಿದೆ. ಬೇರೆಯವರ ಮಕ್ಕಳು ಕೂರುವ ಜಾಗದಲ್ಲಿ ಮಾಡುವ ಕೆಲಸವಲ್ಲ ಅದು.

ಗೆಳೆಯ ಹೇಳಿದ್ದು ಅರ್ಧ ಸರಿ. ಜಾಲತಾಣಗಳ ಮಟ್ಟಿಗೆ ಸ್ಕ್ವಿಡ್‌ನಿಂದ ನನಗೆ ಏನೂ ದಕ್ಕಿಲ್ಲ. ಆದರೆ ವಿಂಡೋಸ್ ಅಪ್‌ಡೇಟಿನ ದೊಡ್ಡ ಕಡತಗಳು ಇಂದಿಗೂ ಸಾದಾ ಎಚ್‌ಟಿಟಿಪಿಯಲ್ಲಿ ಬರುತ್ತವೆ, ಅಸಲಿಯೋ ನಕಲಿಯೋ ಎಂಬುದನ್ನು ಯಂತ್ರವೇ ಡಿಜಿಟಲ್ ಸಹಿಯಿಂದ ತಿಳಿಯುತ್ತದೆ. ಉಬುಂಟುವಿನ ಆಪ್ಟ್ ಕಡತಗಳೂ ಹಾಗೆಯೇ. ನನ್ನ ಡೇಟಾ ತಿನ್ನುತ್ತಿದ್ದದ್ದು ಈ ಎರಡೇ.

ಜುಲೈನ ಎರಡನೆಯ ಬುಧವಾರ, ಫೈಬರ್ ಇಲ್ಲದ ದಿನ, ಹನ್ನೆರಡು ಯಂತ್ರಗಳನ್ನು ಒಂದೊಂದಾಗಿ ಹಚ್ಚುತ್ತಾ ಲಾಗ್ ಮುಂದೆ ಕುಳಿತೆ. ಮೊದಲ ಯಂತ್ರಕ್ಕೆ ಮಿಸ್, ಮಿಸ್, ಮಿಸ್. ಸುಮಾರು 600 ಎಂಬಿ ಇಳಿಯಲು ಒಂದೂವರೆ ಗಂಟೆ. ಎರಡನೆಯ ಯಂತ್ರ ಹಚ್ಚಿದೆ. ಒಂದು ಸಾಲು 'ಟಿಸಿಪಿ ಹಿಟ್' (ಕ್ಯಾಶ್‌ನಲ್ಲಿ ಸಿಕ್ಕಿತು), ಅದರ ಕೆಳಗೆ ಇನ್ನೊಂದು, ಆಮೇಲೆ ಕಣ್ಣಿಗೆ ಸಿಗದ ವೇಗದಲ್ಲಿ ಓಡಿದವು. ನಾಲ್ಕು ನಿಮಿಷಕ್ಕೆ ಇಳಿದು ಮುಗಿಯಿತು. ಹೊರಗೆ ತಗಡಿನ ಮೇಲೆ ಮಳೆ ಎಷ್ಟು ಜೋರಿತ್ತೆಂದರೆ ನಾನು ಕೂಗಿದ್ದು ಪಕ್ಕದ ಕೋಣೆಗೂ ಕೇಳಿಸಲಿಲ್ಲ. ಏಳೆಂಟು ಜಿಬಿ ಆಗಬೇಕಾದದ್ದು ಒಂದರೊಳಗೆ ನಿಂತಿತು.

ಗೆಳೆಯನಿಗೆ ಲಾಗ್‌ನ ಚಿತ್ರ ಕಳುಹಿಸಿದೆ. ವಾರ ಕಳೆದು ಅವನ ಫೋನ್ ಬಂದಿತು: ಹುಣಸೂರಿನ ಕಡೆ ಒಂದು ಶಾಲೆಗೆ ಬೇಕಂತೆ, ಸಂರಚನೆಯ ಕಡತ ಕೊಡುತ್ತೀಯಾ ಎಂದು. ಕೊಟ್ಟೆ. ಹಗಲು ರಾತ್ರಿಯ ಆ ಎರಡು ಸಾಲುಗಳನ್ನು ಅಳಿಸಿ ಕೊಟ್ಟೆ.