ಕಾಡು ತೊಗರಿ ಹುಡುಕಿಕೊಂಡು ಮೂರು ಮಳೆಗಾಲ

ಕಡಲೆಕಾಯಿ, ಅಲಸಂದೆ, ಆಲೂಗಡ್ಡೆ ಇವುಗಳ ಕಾಡು ಬಂಧುಗಳ ಬಗ್ಗೆ 2008ರಲ್ಲಿ ಒಂದು ಅಧ್ಯಯನ ಬಂದಿತ್ತು. ಹವಾಮಾನ ಹೀಗೇ ಬದಲಾದರೆ 2055ರ ಹೊತ್ತಿಗೆ ಆ ಜಾತಿಗಳಲ್ಲಿ ಶೇ. 16ರಿಂದ 22ರಷ್ಟು ಅಳಿಯಬಹುದು ಅಂತ ಅದರ ಅಂದಾಜು. ಹೆಚ್ಚು ಪೆಟ್ಟು ಕಡಲೆಕಾಯಿಯ ಬಂಧುಗಳಿಗೆ. ಪಾವಗಡದ ಕಡಲೆಕಾಯಿಯ ನೆಂಟರೆಲ್ಲ ದಕ್ಷಿಣ ಅಮೆರಿಕದಲ್ಲಿದ್ದಾರೆ, ಅಲ್ಲಿಗೆ ನಾನೆಲ್ಲಿ ಹೋಗಲಿ? ಆದರೆ ನಮ್ಮ ಅಕ್ಕಡಿ ಸಾಲಿನ ತೊಗರಿಗೆ ಇಲ್ಲೇ ಒಂದು ದಾಯಾದಿ ಇದೆಯಲ್ಲ! ಪೊದೆಗೆ ಸುತ್ತಿಕೊಳ್ಳುವ ಸಣ್ಣ ಬಳ್ಳಿ, ಹಳದಿ ಹೂ, ಮೈತುಂಬ ರೋಮದ ಪುಟ್ಟ ಕಾಯಿ. ಆ ರೋಮಕ್ಕೆ ಹೆದರಿ ಕಾಯಿಕೊರಕ ಹುಳ ಅದರ ತಂಟೆಗೆ ಜಾಸ್ತಿ ಹೋಗುವುದಿಲ್ಲ. ತಳಿ ವಿಜ್ಞಾನಿಗಳ ಕಣ್ಣು ಅದರ ಮೇಲಿರುವುದು ಅದಕ್ಕೇ. ಅರಣ್ಯ ಇಲಾಖೆಯ ಅನುಮತಿ ಪಡೆದು ತುಮಕೂರಿನ ಹತ್ತಿರದ ದೇವರಾಯನದುರ್ಗ ಬೆಟ್ಟ ಹತ್ತಿದೆ.

ಮೊದಲ ವರ್ಷ ಎಡವಟ್ಟು ಮಾಡಿಕೊಂಡೆ. ಹೋಗಿದ್ದು ಮೇ ತಿಂಗಳಲ್ಲಿ. ಬೆಟ್ಟದ ಬುಡದಲ್ಲಿ ಒಂದು ಬಳ್ಳಿಯೂ ಇಲ್ಲ. 'ಬಿಸಿಲಿಗೆ ಮೇಲಕ್ಕೆ ಸರಿದಿದೆ' ಎಂದು ಬರೆದೂಬಿಟ್ಟೆ. ಆಡು ಕಾಯುತ್ತಿದ್ದ ಅಜ್ಜಿಯೊಬ್ಬರು ನಕ್ಕರು. "ಈಗೆಲ್ಲಿ ಸಿಗ್ತದೆ ಕಣಪ್ಪಾ, ನನ್ನ ಆಡು ಬಿಟ್ರೆ ತಾನೇ? ಮಳೆ ಹಿಡಿದ್ಮೇಲೆ ಬಾ."

ಅಕ್ಟೋಬರ್‌ನಲ್ಲಿ ಹೋದರೆ ಅದೇ ಜಾಗದಲ್ಲಿ, ಲಂಟಾನ ಪೊದೆಯ ನಡುವೆ, ಆಡಿನ ಬಾಯಿ ತಲುಪದ ಕಡೆ ಬಳ್ಳಿ ಹಾಯಾಗಿ ಹಬ್ಬಿತ್ತು. ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ. ಆಡು ತಿಂದಿದ್ದನ್ನೂ ನಾನು ಹವಾಮಾನದ ಲೆಕ್ಕಕ್ಕೆ ಬರೆದಿದ್ದೆ.

ಈಗ ಪ್ರತಿ ವರ್ಷ ಅದೇ ತಿಂಗಳು, ಅದೇ ಜಾಗ. ಹಗ್ಗ ಎಳೆದು ಹತ್ತು ಹೆಜ್ಜೆ ಚೌಕ ಮಾಡಿ ಬಳ್ಳಿ ಎಣಿಸುತ್ತೇನೆ. ನೆರಳು, ಬೆಂಕಿಯ ಗುರುತು, ಆಡಿನ ಹಿಕ್ಕೆ ಎಲ್ಲಕ್ಕೂ ಒಂದೊಂದು ಕಾಲಂ. ಬಳ್ಳಿ ಸಿಗದ ಚೌಕವನ್ನೂ ಬರೆಯಬೇಕು. ಸುಮ್ನೆ ಬಿಟ್ಟರೆ ಮುಂದಿನ ವರ್ಷ ಯಾವುದು ನೋಡಿದ್ದು, ಯಾವುದು ನೋಡದ್ದು ಗೊತ್ತಾಗುವುದಿಲ್ಲ. ಇನ್ನೊಂದು ಮಾತು, ಫೋನ್ ತೋರಿಸುವ ಎತ್ತರ ನಂಬಬೇಡಿ. ಒಂದೇ ಬಂಡೆಯ ಮೇಲೆ ನನ್ನದು ಬೆಳಗ್ಗೆ ಒಂದು ಹೇಳಿತು, ಮಧ್ಯಾಹ್ನ ಇನ್ನೊಂದು. ಅಕ್ಷಾಂಶ, ರೇಖಾಂಶ ಬರೆದುಕೊಂಡು, ಎತ್ತರವನ್ನು ಆಮೇಲೆ ನಕ್ಷೆಯಲ್ಲಿ ನೋಡುತ್ತೇನೆ.

ಮೂರು ಮಳೆಗಾಲದ ಎಣಿಕೆಯಲ್ಲಿ ಹವಾಮಾನದ ಗುಟ್ಟು ಹೊರಬೀಳುವುದಿಲ್ಲ ಬಿಡಿ. ಆದರೆ ಒಂದು ಸರಳ ಲೆಕ್ಕ ತಲೆ ತಿನ್ನುತ್ತಿದೆ. ಸಾವಿರ ಮೀಟರ್ ಏರಿದರೆ ಸುಮಾರು 6 ಡಿಗ್ರಿ ತಂಪು. ತುಮಕೂರಿನ ಬಯಲು ಸುಮಾರು 800 ಮೀಟರ್, ಬೆಟ್ಟದ ತುದಿ ಸುಮಾರು 1,200. ಸೆಕೆ ಹೆಚ್ಚಿದಂತೆ ಬಳ್ಳಿ ತಂಪು ಹುಡುಕಿ ಮೇಲಕ್ಕೆ ಸರಿಯುತ್ತದೆ ಅಂದುಕೊಂಡರೂ, ಸುಮಾರು ಎರಡೂವರೆ ಡಿಗ್ರಿ ಏರುವಷ್ಟರಲ್ಲಿ ಬೆಟ್ಟವೇ ಮುಗಿಯಿತು. ಪಕ್ಕದ ಬೆಟ್ಟಕ್ಕೆ ಹೋಗೋಣ ಅಂದರೆ ನಡುವೆ ನೀಲಗಿರಿ ತೋಪು, ಲೇಔಟು, ರಸ್ತೆ. ಕಾಯಿ ಒಣಗಿ ಚಟ್ ಅಂತ ಸಿಡಿದರೂ ಬೀಜ ಬೀಳುವುದು ನಾಲ್ಕು ಮಾರು ದೂರದೊಳಗೆ.

ಆ ಸಿಡಿತದಿಂದ ನನಗೂ ಪಜೀತಿ. ಬಿಸಿಲೇರಿದ ಮೇಲೆ ಕೈ ಹಾಕಿದರೆ ಖಾಲಿ ಸಿಪ್ಪೆ. ಹಾಗಾಗಿ ಇಬ್ಬನಿ ಆರುವ ಮೊದಲೇ ಹೋಗಿ ನಾಲ್ಕು ಕಾಯಿ ಬಿಡಿಸಿ ತಂದೆ, ಮಿಕ್ಕಿದ್ದು ಬಳ್ಳಿಯಲ್ಲೇ ಬಿಟ್ಟೆ. ಹಿತ್ತಲ ಬೇಲಿಯ ಬುಡದಲ್ಲಿ ಹಾಗೇ ಊರಿದ ಬೀಜ ಒಂದೂ ಏಳಲಿಲ್ಲ, ಸಿಪ್ಪೆ ಅಷ್ಟು ಗಟ್ಟಿ. ಬ್ಲೇಡಿನಿಂದ ಮೆಲ್ಲಗೆ ಗೀರಿ ಊರಿದ ಎಂಟರಲ್ಲಿ ಐದು ಮೊಳೆತಿವೆ.