ಏಳನೇ ಕ್ಲಾಸಿಗೇ ನಿಂತವರ ಪಟ್ಟಿ

2011ರ ಜನಗಣತಿ ಪ್ರಕಾರ ಚಿಕ್ಕಬಳ್ಳಾಪುರ ಜಿಲ್ಲೆಯ ಸಾಕ್ಷರತೆ ಶೇ. 69.76, ರಾಜ್ಯದ್ದು ಶೇ. 75.36. ನಾನು ಶಿಡ್ಲಘಟ್ಟ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ, ಅಂದರೆ ಪಂಚಾಯಿತಿ ಗ್ರಂಥಾಲಯ, ನೋಡಿಕೊಳ್ಳುತ್ತೇನೆ. ಸಭೆಗಳಲ್ಲಿ ಕೇಳಿ ಕೇಳಿ ಈ ಅಂಕಿ ನನಗೆ ಬಾಯಿಪಾಠ. ಆದರೆ ಓದು ಬಿಟ್ಟ ದೊಡ್ಡವರಿಗೆ ಕಲಿಸಲು ಹೊರಟಾಗ ಅದು ಕೆಲಸಕ್ಕೆ ಬರಲಿಲ್ಲ. ಶಾಲೆಗೆ ಹೋಗುವ ಮಗು, ರೇಷ್ಮೆ ಬಿಚ್ಚುವ ಹೆಂಗಸು, ಮನೆಯಲ್ಲಿರುವ ಅಜ್ಜಿ, ಹೀಗೆ ಏಳು ವರ್ಷ ತುಂಬಿದ ಎಲ್ಲರನ್ನೂ ಒಂದೇ ಲೆಕ್ಕಕ್ಕೆ ಹಾಕಿ ತೆಗೆದ ಅಂಕಿ ಅದು. ದುಡಿಯುವ ವಯಸ್ಸಿನವರು ಯಾವ ತರಗತಿಗೆ ನಿಂತರು, ಈಗ ಅವರಿಗೆ ಏನು ಬೇಕು ಅನ್ನುವುದು ಅದರಿಂದ ತಿಳಿಯುವುದಿಲ್ಲ. ಹಾಗಾಗಿ ನಮ್ಮ ಪಂಚಾಯಿತಿಯ ಮಟ್ಟಿಗೆ ನಾನೇ ಪಟ್ಟಿ ಮಾಡಿದೆ.

ಮನೆ ಬಾಗಿಲಲ್ಲಿ ನಿಂತು "ಓದಕ್ಕೆ ಬರುತ್ತಾ?" ಅಂತ ಕೇಳಬಾರದು. ಹೆಂಡತಿಯ ಪರವಾಗಿ ಗಂಡ, ಅತ್ತೆಯ ಪರವಾಗಿ ಸೊಸೆ ಉತ್ತರ ಕೊಡುತ್ತಾರೆ. ನಾನು ಮನೆಯಲ್ಲಿರುವ ಕಾಗದವನ್ನೇ ಕೇಳಿ ತೆಗೆಸುತ್ತಿದ್ದೆ: ಡೈರಿಯಲ್ಲಿ ಹಾಲು ಹಾಕಿದ ಚೀಟಿ, ಸಂಘದ ಪಾಸ್‌ಬುಕ್ಕು, ಗೂಡಿನ ಮಾರುಕಟ್ಟೆಯಲ್ಲಿ ಕೊಟ್ಟ ರಸೀತಿ. "ಇವತ್ತು ಫ್ಯಾಟ್ ಎಷ್ಟು ಬಂದೈತೆ ನೋಡಿ ಹೇಳಕ್ಕ" ಅಂದರೆ ಸಾಕು, ಯಾರು ಅಕ್ಷರ ಕೂಡಿಸಿ ಓದುತ್ತಾರೆ, ಯಾರು ಅಂಕಿ ಮಾತ್ರ ಗುರುತಿಸುತ್ತಾರೆ, ಯಾರು ಚೀಟಿಯನ್ನು ಮಗನ ಕೈಗೆ ದಾಟಿಸುತ್ತಾರೆ ಎಲ್ಲ ಗೊತ್ತಾಗುತ್ತದೆ. ಎಷ್ಟನೇ ಕ್ಲಾಸಿಗೆ ಬಿಟ್ಟಿರಿ ಅಂದರೆ ಹಲವರಿಗೆ ನೆನಪಿರುವುದಿಲ್ಲ. "ಯಾವ ಮೇಷ್ಟ್ರು ಇದ್ದಾಗ ಬಿಟ್ರಿ?" ಅಂದರೆ ಥಟ್ಟನೆ ಹೇಳುತ್ತಾರೆ. ಆ ಮೇಷ್ಟ್ರು ಊರಲ್ಲಿದ್ದ ವರ್ಷಗಳಿಂದ ತರಗತಿಯನ್ನು ಅಂದಾಜು ಮಾಡಬಹುದು.

ಅಕ್ಷರವೇ ಗೊತ್ತಿಲ್ಲದವರು ಹೆಚ್ಚಾಗಿ ಐವತ್ತರ ಆಚೆಯವರು. ದುಡಿಯುವ ವಯಸ್ಸಿನ ದೊಡ್ಡ ಗುಂಪು ಇದ್ದದ್ದು ನಡುವೆ: ಐದು, ಆರು, ಏಳನೇ ತರಗತಿಗೆ ಬಿಟ್ಟವರು, ಎಸ್ಸೆಸ್ಸೆಲ್ಸಿಯಲ್ಲಿ ಒಂದೆರಡು ವಿಷಯ ಉಳಿಸಿಕೊಂಡವರು. ಜನಗಣತಿಯಲ್ಲಿ ಇವರೆಲ್ಲ ಸಾಕ್ಷರರೇ, ಆದ್ದರಿಂದ ಅಕ್ಷರ ಕಲಿಸುವ ಯಾವ ಯೋಜನೆಯೂ ಇವರ ಮನೆಗೆ ಬರುವುದಿಲ್ಲ. 6ರಿಂದ 14 ವರ್ಷದವರಿಗೆ ಶಿಕ್ಷಣ ಹಕ್ಕು ಕೊಟ್ಟ ಕಾಯ್ದೆ ಜಾರಿಯಾದದ್ದು 2010ರ ಏಪ್ರಿಲ್ 1ಕ್ಕೆ. ಅಷ್ಟರಲ್ಲಿ ಹದಿನಾಲ್ಕು ದಾಟಿದ್ದವರಿಗೆ ಅದರಿಂದ ಏನೂ ಸಿಗಲಿಲ್ಲ. ನಮ್ಮ ಕಡೆ ಆ ವಯಸ್ಸಿನವರಲ್ಲಿ ಎಷ್ಟೋ ಜನ ಚಿಕ್ಕಂದಿನಲ್ಲೇ ರೇಷ್ಮೆ ಕೆಲಸಕ್ಕೆ ಕೈ ಹಾಕಿದವರು. ಅವರಿಗೆ ಸರ್ಕಾರ ಒಂದು ಅವಕಾಶ ಬಾಕಿ ಇಟ್ಟುಕೊಂಡಿದೆ ಎಂದೇ ನಾನು ನಂಬಿದ್ದೇನೆ.

ಇನ್ನೊಂದು ಗುಂಪು ಆಂಧ್ರದ ಕಡೆಯಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳು. ತೆಲುಗಿನಲ್ಲಿ ಸರಾಗವಾಗಿ ಓದುವವರು ಇಲ್ಲಿ ಪಂಚಾಯಿತಿಯ ಅರ್ಜಿ ಮುಂದೆ ಸುಮ್ಮನೆ ಕೂರುತ್ತಾರೆ. ಇವರನ್ನು ಅ ಆ ಇ ಈ ಕಲಿಯುವವರ ಜೊತೆ ಕೂರಿಸುವುದು ಅನ್ಯಾಯ. ಎರಡೂ ಲಿಪಿ ಅಕ್ಕತಂಗಿಯರಂತೆ. ತಲೆಕಟ್ಟು ಬೇರೆ, ಕೆಲವು ಅಕ್ಷರ ಬೇರೆ, ಅಷ್ಟೇ. ಬೇರೆಯಾಗಿರುವ ಅಕ್ಷರಗಳನ್ನು ಮಾತ್ರ ಒಂದು ಹಾಳೆಯಲ್ಲಿ ಬರೆದು ಕೊಟ್ಟು, ಬಸ್ ಬೋರ್ಡು, ರೇಷನ್ ಅಂಗಡಿಯ ಫಲಕ ಓದಿಸಿದೆ. ಬೇಗ ಹಿಡಿದುಕೊಂಡರು.

ತರಗತಿಯ ಹೊತ್ತನ್ನು ನಾನು ಗೊತ್ತುಮಾಡಲಿಲ್ಲ, ಹುಳು ಗೊತ್ತುಮಾಡಿತು. ರೇಷ್ಮೆ ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಪೊರೆ ಬಿಡುವ ಆ ಹೊತ್ತಿನಲ್ಲಿ, ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿ, ಸೊಪ್ಪು ಮುಟ್ಟುವುದಿಲ್ಲ. ಮನೆಯವರ ಕೈ ಖಾಲಿಯಾಗುವುದು ಆಗಲೇ. ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರ ಹೊತ್ತು ಹೊತ್ತಿಗೂ ಸೊಪ್ಪು ಹಾಕಬೇಕು, ಆಮೇಲೆ ಹಣ್ಣಾದ ಹುಳುವನ್ನು ಆಯ್ದು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟೆಗೆ, ಬಿಡಬೇಕು. ಆಗ ಯಾರನ್ನೂ ಕರೆಯಬಾರದು. ಮರಿಹುಳು ಸಾಕಿ ಕೊಡುವ ಒಂದೇ ಚಾಕಿ ಕೇಂದ್ರದಿಂದ ಮರಿ ತಂದ ಮನೆಗಳಿಗೆ ಬಿಡುವೂ ಒಟ್ಟಿಗೇ ಸಿಗುವುದರಿಂದ, ಕಲಿಯುವವರನ್ನು ಬೀದಿವಾರು ವಿಂಗಡಿಸದೆ ಚಾಕಿವಾರು ವಿಂಗಡಿಸಿದೆ. ಜ್ವರದ ದಿನ ಗಣಿತದಂಥ ಕಷ್ಟದ ಪಾಠ, ಉಳಿದ ದಿನ ಡೈರಿಗೆ ಹಾಲು ಹಾಕಿ ಬಂದ ಮೇಲೆ ಒಂದು ಗಂಟೆ ಓದು.

"ಈ ವಯಸ್ನಾಗೆ ಓದಿ ಯಾವ ಡಿಸಿ ಆಗ್ಬೇಕು ಮೇಡಂ?" ಅನ್ನುವ ಮಾತು ಎಲ್ಲ ಬೀದಿಯಲ್ಲೂ ಬಂತು. ಅದಕ್ಕೆ ಉಪದೇಶದಿಂದ ಉತ್ತರ ಕೊಡಲು ಆಗುವುದಿಲ್ಲ. ಅಂಗನವಾಡಿ ಸಹಾಯಕಿ ಆಗಲು ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ವಯಸ್ಸು 35 ಮೀರಿರಬಾರದು ಎಂದು ಹೇಳಿದಾಗ ಮೂವತ್ತೆರಡು ಮೂವತ್ಮೂರರ ಹೆಣ್ಣುಮಕ್ಕಳು ಅಲ್ಲೇ ಬೆರಳು ಮಡಚಿ ಎಣಿಸಿದರು. ಮೊದಲು ಹೆಸರು ಬರೆಸಿದ್ದೂ ಅವರೇ.

ಪಾಠಕ್ಕಿಂತ ಹೆಚ್ಚು ಕಾಲ ಹಿಡಿದದ್ದು ದಾಖಲೆ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ಹುಟ್ಟಿದ ದಿನವೂ ಬೇರೆ ಬೇರೆ. ಈ ಕೆಲಸ ಶುರು ಮಾಡುವವರು ಪುಸ್ತಕ ಕೊಳ್ಳುವ ಮೊದಲೇ ಪ್ರತಿಯೊಬ್ಬರ ಹೆಸರು, ತಂದೆಯ ಹೆಸರು, ಜನ್ಮದಿನಾಂಕವನ್ನು ಎರಡೂ ಕಡೆ ತಾಳೆ ನೋಡಬೇಕು. ತಿದ್ದಿಸುವುದರಲ್ಲೇ ಪರೀಕ್ಷೆಯ ಅರ್ಜಿಯ ಗಡುವು ಮುಗಿದುಹೋಗಬಹುದು.

ವಿಷಯ ಉಳಿಸಿಕೊಂಡವರಿಗೆ ಒಂದು ಅನುಕೂಲವಾಗಿದೆ. ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ, ಒಂದರಲ್ಲಿ ಆಗದಿದ್ದರೆ ಇನ್ನೊಂದಕ್ಕೆ ಕೂರಬಹುದು. ತೆಲುಗಿನಲ್ಲಿ ಓದಿ ಬಂದವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಹತ್ತನೇ ತರಗತಿ ಹೇಳುತ್ತೇನೆ, ತೆಲುಗು ಮಾಧ್ಯಮದಲ್ಲೇ ಬರೆಯಬಹುದು. ಐದು ವಿಷಯ, ಐದು ವರ್ಷದೊಳಗೆ ಒಂಬತ್ತು ಅವಕಾಶ. ಮನೆ, ಹುಳು, ಹಸು ಎಲ್ಲ ನೋಡಿಕೊಂಡು ಓದುವವರಿಗೆ ಈ ಬಿಡುವು ದೊಡ್ಡದು. ಅಕ್ಷರ ಕಲಿಯುತ್ತಿರುವ ಹಿರಿಯರಿಗೆ 2022ರಿಂದ ನಡೆಯುತ್ತಿರುವ ನವಭಾರತ ಸಾಕ್ಷರತಾ ಕಾರ್ಯಕ್ರಮದ ಪರೀಕ್ಷೆ ಇದೆ: ಓದು, ಬರಹ, ಲೆಕ್ಕ ತಲಾ 50 ಅಂಕ. ಅದೇ ಕಾರ್ಯಕ್ರಮದಲ್ಲಿ ಸಾಕ್ಷರರಾದ ಮೇಲೆ ಮುಂದಿನ ತರಗತಿಗಳಿಗೆ ಸಮನಾದ ಶಿಕ್ಷಣವೂ ಸೇರಿದೆ. ನನಗೆ ಮುಖ್ಯವಾಗಿ ಕಾಣುವುದು ಆ ಭಾಗ, ಊರಲ್ಲಿ ಯಾರೂ ಮಾತಾಡದ್ದೂ ಅದನ್ನೇ.

ಗಂಡಸರನ್ನು ಕೂರಿಸುವುದು ಮಾತ್ರ ಇನ್ನೂ ಆಗಿಲ್ಲ. ಸಾರಿಗೆ ವಾಹನ ಓಡಿಸಲು ಎಂಟನೇ ತರಗತಿ ಪಾಸಾಗಿರಬೇಕೆಂಬ ನಿಯಮವನ್ನು ಕೇಂದ್ರ ಸರ್ಕಾರ 2019ರಲ್ಲಿ ತೆಗೆಯಿತು. ಟೆಂಪೋ, ಲಾರಿ ಓಡಿಸುವ ಬಡ ಹುಡುಗರಿಗೆ ಅದರಿಂದ ಅನ್ನ ಸಿಕ್ಕಿತು, ಅದು ಸರಿಯಾದ ತೀರ್ಮಾನವೇ. ಆದರೆ ಅವರನ್ನು ಓದಿಗೆ ಕರೆಯಲು ನನ್ನ ಬಳಿ ಇದ್ದ ಒಂದೇ ಕಾರಣವೂ ಹೋಯಿತು. ಈಗ ಬರುವವರು ಎಸ್ಸೆಸ್ಸೆಲ್ಸಿಯ ಇಂಗ್ಲಿಷ್ ಉಳಿಸಿಕೊಂಡ ಕೆಲವರು. ಗಣಿತಕ್ಕೆ ಊರಿನ ನಿವೃತ್ತ ಮೇಷ್ಟ್ರೊಬ್ಬರು ಬರುತ್ತಿದ್ದಾರೆ. ಇಂಗ್ಲಿಷ್ ಹೇಳಿಕೊಡಲು ಒಬ್ಬರು ಬೇಕು. ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಪದವೀಧರರು ವಾರಕ್ಕೆ ಒಂದು ಸಂಜೆ ಕೊಡುವಂತಿದ್ದರೆ ನಿಮ್ಮ ಹತ್ತಿರದ ಅರಿವು ಕೇಂದ್ರದಲ್ಲಿ ವಿಚಾರಿಸಿ. ನನ್ನಂಥದೇ ಪಟ್ಟಿ ಅಲ್ಲೂ ಬೇಕಾಗಿರುತ್ತದೆ.