ಅಡುಗೆಮನೆಯ ನೆಲಕ್ಕೆ ಕಲ್ಲು: ಹುಣಸೆಹುಳಿ ಹಾಕಿ ನೋಡಿ ಆರಿಸಿದ್ದು

ಅಡುಗೆಮನೆಯ ನೆಲಕ್ಕೆ ಕಲ್ಲು ಹುಡುಕುತ್ತಿದ್ದರೆ ಅಂಗಡಿಯಲ್ಲಿ ನೋಡಿ ಅಲ್ಲೇ ಒಪ್ಪಬೇಡಿ. ಒಂದೊಂದು ತುಂಡು ಕೇಳಿ ಮನೆಗೆ ತನ್ನಿ. ನಿಮ್ಮ ಮನೆಯ ಹುಳಿ, ಎಣ್ಣೆ, ಬೋರಿನ ನೀರು ಅದರ ಮೇಲೆ ಬೀಳಲಿ. ಕೊಪ್ಪಳದ ನಮ್ಮ ಹಳೆ ಮನೆಗೆ ಹೊಸ ನೆಲ ಹಾಕಿಸುವಾಗ ನಾನು ಹೀಗೇ ಮಾಡಿದೆ.

ನಮ್ಮ ಕಡೆ ಕಲ್ಲಿಗೆ ಬರವಿಲ್ಲ. ಕುಷ್ಟಗಿ ದಾಟಿದರೆ ಇಳಕಲ್. ಅಲ್ಲಿ ಸೀರೆಯ ಜೊತೆಗೆ ಕೆಂಪು ಗ್ರಾನೈಟಿಗೂ ಹೆಸರಿದೆ. ಕಲಬುರಗಿ ಕಡೆಯಿಂದ ಶಹಾಬಾದ್ ಪರಸಿ, ಅಂದರೆ ಚಪ್ಪಟೆ ಹಾಸುಗಲ್ಲು, ಆಂಧ್ರದಿಂದ ಕಡಪ ಕಲ್ಲು, ತೆಲಂಗಾಣದಿಂದ ತಾಂಡೂರು ಕಲ್ಲು ಬರುತ್ತವೆ. ರಾಜಸ್ಥಾನದ ಮಾರ್ಬಲ್, ಕೋಟಾ ಕೂಡ ಸಿಗುತ್ತವೆ. ಹೆಸರು ಎಷ್ಟೇ ಇರಲಿ, ಅಡುಗೆಮನೆಯ ಲೆಕ್ಕದಲ್ಲಿ ಇವು ಎರಡೇ ಜಾತಿ. ಗ್ರಾನೈಟ್ ಒಂದು. ಉಳಿದವೆಲ್ಲ ಸುಣ್ಣದ ಅಂಶದ ಕಲ್ಲುಗಳು. ಶಹಾಬಾದ್, ವಾಡಿ ಭಾಗದಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಈ ಸುಣ್ಣದ ಕಲ್ಲಿನಿಂದಲೇ. ಸುಣ್ಣದ ಕಲ್ಲಿಗೆ ಹುಳಿ ಆಗಿಬರುವುದಿಲ್ಲ. ನಮ್ಮ ಅಡುಗೆಯಲ್ಲೋ ಹುಳಿ ಇಲ್ಲದ ದಿನವೇ ಇಲ್ಲ.

ತಂದ ತುಂಡುಗಳನ್ನು ಕಟ್ಟೆಯ ಪಕ್ಕ ಸಾಲಾಗಿ ಇಟ್ಟೆ. ಒಂದೊಂದರ ಮೇಲೂ ನಿಂಬೆರಸ, ಹುಣಸೆಹುಳಿ, ಮಜ್ಜಿಗೆ, ಕುಸುಬಿ ಎಣ್ಣೆ, ಅರಿಶಿನ ಹಾಕಿದೆ. ಪಾಲಿಶ್ ಮಾಡಿದ ಮಾರ್ಬಲ್ ಮೇಲೆ ನಿಂಬೆರಸ ಬಿದ್ದ ಸ್ವಲ್ಪ ಹೊತ್ತಿಗೇ ಹೊಳಪು ಹೋಗಿ ಉಂಗುರದಂಥ ಗುರುತು ಉಳಿಯಿತು. ಎಷ್ಟು ತೊಳೆದರೂ ಅದು ಹೋಗುವುದಿಲ್ಲ. ಹುಳಿ ಕಲ್ಲಿನ ಮೈಯನ್ನೇ ತಿಂದಿರುತ್ತದೆ, ಮತ್ತೆ ಪಾಲಿಶ್ ಹಿಡಿದರೆ ಮಾತ್ರ ಸರಿಹೋಗುತ್ತದೆ. ಪಾಲಿಶ್ ಮಾಡಿದ ಕಡಪದ ಕರಿ ಮೈಮೇಲೆ ಅದೇ ಗುರುತು ಬೂದಿ ಬಣ್ಣದಲ್ಲಿ ಎದ್ದು ಕಂಡಿತು. ಪಾಲಿಶ್ ಇಲ್ಲದ ಶಹಾಬಾದ್ ಪರಸಿ ಮೇಲೂ ಹುಳಿ ಅದೇ ಕೆಲಸ ಮಾಡುತ್ತದೆ, ಆದರೆ ಕಳೆದುಕೊಳ್ಳಲು ಹೊಳಪೇ ಇಲ್ಲದ್ದರಿಂದ ಅಷ್ಟಾಗಿ ಕಾಣುವುದಿಲ್ಲ. ಹಳೆ ಮನೆಗಳಲ್ಲಿ ಪರಸಿ ನೆಲ ಇಷ್ಟು ಕಾಲ ಚೆನ್ನಾಗಿ ಕಂಡಿದ್ದಕ್ಕೆ ಇದೂ ಒಂದು ಕಾರಣ ಅಂತ ನನಗನಿಸುತ್ತದೆ. ಗ್ರಾನೈಟ್ ತುಂಡುಗಳಿಗೆ ಹುಳಿಯಿಂದ ಏನೂ ಆಗಲಿಲ್ಲ.

ಗಟ್ಟಿತನದಲ್ಲೂ ಅಷ್ಟೇ. ಮೋಸ್ ಎಂಬ ಅಳತೆಯಲ್ಲಿ ಸುಣ್ಣದ ಕಲ್ಲು ಸುಮಾರು 3, ಗ್ರಾನೈಟಿನ ಹರಳುಗಳು 6ರಿಂದ 7. ಮನೆಯ ಚಾಕುವಿನಿಂದ ಗೀರಿದರೆ ಮಾರ್ಬಲ್ ಮೇಲೆ ಗೆರೆ ಬೀಳುತ್ತದೆ, ಗ್ರಾನೈಟ್ ಮೇಲೆ ಬೀಳುವುದಿಲ್ಲ. ಗ್ಯಾಸ್ ಸಿಲಿಂಡರ್ ಎಳೆದಾಡುವ ಜಾಗಕ್ಕೆ ಇದು ಮುಖ್ಯ.

ಕರಿ ಗ್ರಾನೈಟ್ ಬೇಕೆನ್ನುವವರು ಒಂದು ಬಿಳಿ ಬಟ್ಟೆಗೆ ಥಿನ್ನರ್ ಹಾಕಿ ಉಜ್ಜಿ ನೋಡಿ. ಬಟ್ಟೆಗೆ ಕಪ್ಪು ಹತ್ತಿದರೆ ಅದು ಬಣ್ಣ ಕುಡಿಸಿದ ಕಲ್ಲು. ಬಣ್ಣ ಬಿಡದಿದ್ದರೂ ನಮ್ಮ ಮನೆಗೆ ಕರಿ ಪಾಲಿಶ್ ಆಗುತ್ತಿರಲಿಲ್ಲ. ಬೋರಿನ ನೀರು ಆ ತುಂಡಿನ ಮೇಲೆ ಒಣಗಿದಾಗ ಬಿಳಿ ಕಲೆ ಸಾಲುಸಾಲಾಗಿ ನಿಂತವು. ಕೊಪ್ಪಳ, ರಾಯಚೂರು ಕಡೆ ಗಡಸು ನೀರು ಬಳಸುವವರಿಗೆ ಈ ಕಷ್ಟ ಗೊತ್ತೇ ಇದೆ. ಆ ಬಿಳಿ ಕಲೆ ತೆಗೆಯಲು ಜನ ಆ್ಯಸಿಡ್ ಸುರಿಯುತ್ತಾರೆ. ನೆಲ ಸುಣ್ಣದ ಕಲ್ಲಿನದಾಗಿದ್ದರೆ ಕಲೆಯ ಜೊತೆ ಕಲ್ಲೂ ಹೋಗುತ್ತದೆ.

ಇಷ್ಟಾದ ಮೇಲೆ ಗ್ರಾನೈಟೇ ಅಂತ ಗಟ್ಟಿಯಾಯಿತು. ಆದರೆ ಅರ್ಧ ಕೆಲಸ ಇನ್ನೂ ಬಾಕಿ ಇತ್ತು: ಮೈ ಹೇಗಿರಬೇಕು? ಅಡುಗೆಮನೆಯಲ್ಲಿ ನೀರು, ಎಣ್ಣೆ, ಜೋಳದ ಹಿಟ್ಟು ಮೂರೂ ನೆಲಕ್ಕೆ ಬೀಳುತ್ತವೆ. ಹೊಳೆಯುವ ಗ್ರಾನೈಟ್ ಮೇಲೆ ಒದ್ದೆ ಕಾಲಿಟ್ಟರೆ ಜಾರುವುದು ಖಂಡಿತ. ಅತ್ತೆಯವರಿಗೆ ಮೊಣಕಾಲು ನೋವು. ದೊಡ್ಡ ತುಂಡುಗಳನ್ನು ಹಿತ್ತಲಲ್ಲಿ ಹಾಸಿ, ನೀರು ಹಾಕಿ, ಗೋಡೆ ಹಿಡಿದುಕೊಂಡು ಅವರೇ ಒಂದೊಂದರ ಮೇಲೆ ನಿಂತು ನೋಡಿದರು. ಲೆದರ್ ಫಿನಿಶ್ ಮಾಡಿದ, ಅಂದರೆ ಕನ್ನಡಿಯಂಥ ಹೊಳಪಿಲ್ಲದೆ ಚರ್ಮದಂತೆ ಸಣ್ಣ ಉಬ್ಬುತಗ್ಗು ಇರುವ, ಬೂದು ಗ್ರಾನೈಟ್ ಅವರಿಗೆ ಹಿಡಿಸಿತು. ನಮ್ಮ ಗೌಂಡಿಗೆ ಮಾತ್ರ ಒಪ್ಪಿಗೆಯಿರಲಿಲ್ಲ. "ಅಕ್ಕಾರ, ಪಾಲಿಶ್ ಇಲ್ಲಂದ್ರ ಮಂದಿ ಏನಂತಾರ್ರೀ" ಅಂದ. ಬೀಳುವವರು ನಾವು, ಮಂದಿಯಲ್ಲ ಅಂದೆ.

ಲೆದರ್ ಫಿನಿಶ್‌ಗೆ ಒಂದು ತೊಂದರೆ ಇದೆ. ತಗ್ಗು ಜಾಸ್ತಿ ಇದ್ದರೆ ಹಿಟ್ಟು ಅದರಲ್ಲಿ ಕೂತು, ನೀರು ಬಿದ್ದು, ಗಟ್ಟಿಯಾಗುತ್ತದೆ. ಒರೆಸುವ ಬಟ್ಟೆಗೆ ಅದು ಬರುವುದಿಲ್ಲ, ಬ್ರಷ್ ಬೇಕು. ಆದ್ದರಿಂದ ತಗ್ಗು ಕಡಿಮೆ ಇರುವ ಮೈಯನ್ನೇ ಕೇಳಿ ತೆಗೆದುಕೊಂಡೆ. ಕಣ್ಣು ಮುಚ್ಚಿ ಅಂಗೈ ಆಡಿಸಿದರೆ ವ್ಯತ್ಯಾಸ ಗೊತ್ತಾಗುತ್ತದೆ. ದಿನಾ ರೊಟ್ಟಿ ಬಡಿಯುವ ಮನೆಯವರು ಇದನ್ನು ಬಿಡಬೇಡಿ.

ಹಳೆ ನೆಲ ಒಡೆದಾಗ ಕೆಳಗೆ ಎರೆಮಣ್ಣು ಸಿಕ್ಕಿತು. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದರ ಮೇಲೆ ಎಂಥ ಕಲ್ಲು ಹಾಕಿದರೂ ಸುಮ್ನೆ ದುಡ್ಡು ದಂಡ. ಕೈಗೆ ಸಿಕ್ಕಷ್ಟು ಆಳ ಆ ಮಣ್ಣು ತೆಗೆಸಿ, ಗರಸು ತುಂಬಿಸಿದೆ. ಒಮ್ಮೆಲೇ ಸುರಿಯದೆ ಪದರ ಪದರವಾಗಿ ಹಾಕಿ, ನೀರು ಬಿಟ್ಟು, ಗಟ್ಟಿಯಾಗಿ ಕೂರುವಂತೆ ಧಮ್ಮಸ್ ಹೊಡೆಸಿ, ಮೇಲೆ ತೆಳುವಾಗಿ ಕಾಂಕ್ರೀಟ್ ಹಾಕಿಸಿದೆ. ಕಲ್ಲಿನ ಖರ್ಚಿನ ಬಗ್ಗೆ ಎಲ್ಲರೂ ಕೇಳುತ್ತಾರೆ, ಇದರ ಬಗ್ಗೆ ಯಾರೂ ಕೇಳುವುದಿಲ್ಲ. ನೆಲ ಉಳಿಯುವುದು ಇದರ ಮೇಲೆಯೇ.

ನಾವು ಹಾಕಿದ್ದು 18 ಮಿ.ಮೀ. ದಪ್ಪದ ಕಲ್ಲು. ಕೆಳಗಿನ ಗಾರೆ ಮೂಲೆ ಮೂಲೆಗೂ ತುಂಬಿರಬೇಕು. ಗಾರೆ ಗಟ್ಟಿಯಾದ ಮೇಲೆ ಪ್ರತಿ ಕಲ್ಲನ್ನೂ ನಾಣ್ಯದಿಂದ ಬಡಿದು ನೋಡಿದೆ. ಪೊಳ್ಳು ಸದ್ದು ಬಂದದ್ದನ್ನು ಕೀಳಿಸಿ ಮತ್ತೆ ಹಾಕಿಸಿದೆ. ಪೊಳ್ಳಿದ್ದ ಕಡೆ ಕುಕ್ಕರ್ ಬಿದ್ದರೆ ಗ್ರಾನೈಟೂ ಸೀಳುತ್ತದೆ. ಬಿದ್ದ ಸಿಮೆಂಟನ್ನು ಹಸಿ ಇದ್ದಾಗಲೇ ಒದ್ದೆ ಗೋಣಿಯಿಂದ ಒರೆಸಿಸಿದೆ. ಆಗ ಕೊನೆಗೆ ಆ್ಯಸಿಡ್ ಹಾಕಿ ತೊಳೆಯುವ ಮಾತೇ ಬರುವುದಿಲ್ಲ.

ಸಂದಿಗೆ ಬಿಳಿ ಸಿಮೆಂಟ್ ಸಾಕು ಅಂತ ಹೇಳಿದ್ದರು. ಅರಿಶಿನ ಸುಣ್ಣ ಸೇರಿದರೆ ಕೆಂಪಾಗುತ್ತದೆ, ಆರತಿ ನೀರು ಮಾಡಿದವರಿಗೆ ಗೊತ್ತು. ಹೊಸ ಸಿಮೆಂಟ್ ಸಂದಿಯಲ್ಲೂ ಅದೇ ಆಗುತ್ತದೆ. ಹಾಗಾಗಿ ಒಲೆ ಮತ್ತು ಸಿಂಕ್ ಮುಂದೆ ಸುಲಭಕ್ಕೆ ಕಲೆ ಹಿಡಿಯದ ಎಪಾಕ್ಸಿ ಎಂಬ ರಾಳ ತುಂಬಿಸಿ, ಉಳಿದ ಕಡೆ ಬೂದು ಬಣ್ಣದ ಸಾಮಾನ್ಯ ಗ್ರೌಟ್, ಅಂದರೆ ಸಂದಿ ತುಂಬುವ ಸಿಮೆಂಟ್ ಮಿಶ್ರಣ, ಹಾಕಿಸಿದೆ. ಎಪಾಕ್ಸಿ ದುಬಾರಿ, ಎಲ್ಲ ಕಡೆಗೂ ಬೇಕಿಲ್ಲ.

ನೆಲ ಪೂರ್ತಿ ಒಣಗಿದ ಮೇಲೆ, ಕಲ್ಲು ಎಣ್ಣೆ-ನೀರು ಹೀರದಂತೆ ತಡೆಯುವ ಸೀಲರ್ ಹಚ್ಚಿಸಿದೆ. ಗ್ರಾನೈಟೂ ಸ್ವಲ್ಪ ಎಣ್ಣೆ ಹೀರುತ್ತದೆ, ತಿಳಿ ಬಣ್ಣದ್ದಾದರೆ ಕಲೆ ಕಾಣುತ್ತದೆ. ಈಗಲೂ ಆಗಾಗ ನಾಲ್ಕು ಹನಿ ನೀರು ಹಾಕಿ ನೋಡುತ್ತೇನೆ. ಹನಿ ಗುಂಡಗೆ ನಿಂತರೆ ಸರಿ. ಕಲ್ಲು ಕಪ್ಪಾದರೆ ಮತ್ತೆ ಸೀಲರ್ ಬೇಕು. ಎಣ್ಣೆ ಚೆಲ್ಲಿದರೆ ಒರೆಸಿ, ಮೇಲೆ ಮುಖಕ್ಕೆ ಹಚ್ಚುವ ಪೌಡರ್ ದಪ್ಪಗೆ ಹಾಕಿ ರಾತ್ರಿ ಬಿಡುತ್ತೇನೆ. ಬೆಳಗ್ಗೆ ಗುಡಿಸಿದರೆ ಎಣ್ಣೆ ಬಹುಪಾಲು ಅದರೊಂದಿಗೇ ಬರುತ್ತದೆ.

ಶಹಾಬಾದ್ ಪರಸಿಯನ್ನು ಬಿಟ್ಟಿಲ್ಲ. ಹಿತ್ತಲಿನ ಪಾತ್ರೆ ತೊಳೆಯುವ ಜಾಗಕ್ಕೆ ಪಾಲಿಶ್ ಇಲ್ಲದ ಒರಟು ಪರಸಿ ಹಾಕಿಸಿ, ನೀರು ಹರಿಯಲು ಚೆನ್ನಾಗಿ ವಾಟ ಕೊಡಿಸಿದೆ. ಗ್ರಾನೈಟಿಗಿಂತ ಎಷ್ಟೋ ಅಗ್ಗ, ಕಾಲೂ ಜಾರುವುದಿಲ್ಲ. ಎರಡೂ ಬಗೆಯಲ್ಲಿ ಕೆಲವು ಕಲ್ಲು ಜಾಸ್ತಿ ತರಿಸಿ ಇಟ್ಟುಕೊಂಡಿದ್ದೇನೆ. ಮುಂದೆ ಒಂದು ಕಲ್ಲು ಒಡೆದರೆ, ಬೇರೆ ಲಾಟಿನಲ್ಲಿ ಅದೇ ಬಣ್ಣ ಸಿಗುವುದು ಕಷ್ಟ.